ಗೋಡೆಯ ಮೇಲಿಲ್ಲದ ಕಂಬಿ

"ಈ ಕಂಬಿ ನಾನು ಇಟ್ಟದ್ದಲ್ಲ ಗುಣವತಿ ಅಕ್ಕ. ದೇವರಾಣೆ ನಾನಲ್ಲ."

ಅಕ್ಷಿತಾ ಗೋಡೆಯ ಕಡೆ ಬೆರಳು ತೋರಿಸಿದಳು. ಗುಣವತಿ ಎದುರಿನ ಗೋಡೆಯನ್ನು ನೋಡಿದಳು. ಅಲ್ಲಿ ಕಂಬಿಯೂ ಇರಲಿಲ್ಲ, ಒಂದು ಮೊಳೆಯೂ ಇರಲಿಲ್ಲ. ಸಾರಣೆ ಮುಗಿದು ಬಣ್ಣ ಕಾಣದೆ ನಿಂತ ಬರೀ ಸಿಮೆಂಟಿನ ಗೋಡೆ. ಕಲ್ಯಾಣಪುರದ ಆ ಹೊಸ ಮನೆಗೆ ಇನ್ನೂ ನೆಲದ ಕಲ್ಲು ಹಾಸಿರಲಿಲ್ಲ, ಕಿಟಕಿಗಳಿಗೆ ಬಾಗಿಲು ಕೂರಿಸಿರಲಿಲ್ಲ.

ಅಕ್ಷಿತಾ ಟ್ಯಾಬನ್ನು ಎತ್ತಿ ಗೋಡೆಗೆ ಎದುರಾಗಿ ಹಿಡಿದಳು. ಪರದೆಯಲ್ಲಿ ಅದೇ ಗೋಡೆ, ಅದೇ ಕಿಟಕಿ, ಕಿಟಕಿಯಾಚೆ ಅದೇ ಇಗರ್ಜಿಯ ಶಿಲುಬೆ ಗೋಪುರ. ಆದರೆ ಗೋಡೆಗೆ ತಿಳಿ ಹಳದಿ ಬಣ್ಣ ಬಂದಿತ್ತು. ಕಿಟಕಿಯ ಕೆಳಗೆ ಒಂದು ಮಂಚ. ಮಂಚದ ಬುಡದಿಂದ ಬಾತ್‌ರೂಮಿನ ಬಾಗಿಲವರೆಗೆ ಗೋಡೆಯುದ್ದಕ್ಕೂ ಹಿಡಿದು ನಡೆಯುವ ಸ್ಟೀಲಿನ ಕಂಬಿ. ಟ್ಯಾಬನ್ನು ಆಚೀಚೆ ತಿರುಗಿಸಿದರೂ ಅವು ಇದ್ದ ಜಾಗದಿಂದ ಕದಲಲಿಲ್ಲ. ಕೈ ಚಾಚಿದರೆ ಸಿಗುತ್ತವೆ ಎನ್ನುವಷ್ಟು ನಿಜವಾಗಿ ಕಾಣುತ್ತಿದ್ದವು.

ಅಕ್ಷಿತಾ ಮಣಿಪಾಲದಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. "ಆಗ್ಮೆಂಟೆಡ್ ರಿಯಾಲಿಟಿ ಅಂತ ಇದಕ್ಕೆ. ಇನ್ನೂ ತರದ ಸಾಮಾನನ್ನು ಅದರ ಜಾಗದಲ್ಲೇ ಇಟ್ಟು ನೋಡುವುದು. ಮಂಚ ದೊಡ್ಡದಾಯಿತಾ, ಕಪಾಟಿನ ಬಾಗಿಲು ತೆರೆಯುತ್ತದಾ, ಎಲ್ಲ ಮೊದಲೇ ಗೊತ್ತಾಗ್ತದೆ," ಎಂದು ಬೆಳಿಗ್ಗೆಯಷ್ಟೇ ವಿವರಿಸಿದ್ದಳು.

ಗುಣವತಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಎ.ಎಸ್.ಐ. ಆಗಿ ನಿವೃತ್ತಳಾದವಳು ಅವಳು. ಈಗ ಕಾಪುವಿನ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಖಾಸಗಿ ತನಿಖೆಯ ಕಚೇರಿ. ಎಷ್ಟು ಮನೆಗಳ ಮಹಜರು ಬರೆದಿದ್ದಾಳೋ ಲೆಕ್ಕವಿಲ್ಲ. ಬಾಗಿಲಿನಿಂದ ಮಂಚಕ್ಕೆ ಎಷ್ಟು ಅಡಿ, ಮಂಚದಿಂದ ಕಿಟಕಿಗೆ ಎಷ್ಟು ಅಡಿ ಎಂದು ಟೇಪು ಹಿಡಿದು ಅಳೆಯುತ್ತಾ ಅರ್ಧ ಆಯುಷ್ಯ ಕಳೆದಿತ್ತು.

"ನೀನಲ್ಲ ಅಂದರೆ ಯಾರು? ಅದು ಗೊತ್ತಾಗುವುದಿಲ್ವಾ?"

"ಗೊತ್ತಾಗ್ತದೆ." ಅಕ್ಷಿತಾ ಪರದೆಯ ಮೂಲೆಯನ್ನು ಒತ್ತಿದಳು. "ಈ ಪ್ಲ್ಯಾನನ್ನು ಬದಲಾಯಿಸಲು ಆಗುವುದು ಇಬ್ಬರಿಗೆ ಮಾತ್ರ. ನನಗೆ ಮತ್ತು ಈ ಮನೆ ಕಟ್ಟಿಸುತ್ತಿದ್ದ ಡೀನ್‌ಗೆ. ನೋಡಿ, ಕಳೆದ ಗುರುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಹೆಸರು ಡೀನ್."

ಡೀನ್ ಕಾಣೆಯಾಗಿ ಅಂದಿಗೆ ಹತ್ತೊಂಬತ್ತು ದಿನ. ಗುರುವಾರ ಕಳೆದು ಐದೇ ದಿನ.

ಕಾರ್ಕಳದ ಒಂದು ಕಲ್ಲುಕೋರೆಯಲ್ಲಿ ಡೀನ್ ಮೇಲ್ವಿಚಾರಕ. ಬಂಡೆ ಬಿರಿದಿದೆ, ಕೆಲಸ ನಿಲ್ಲಿಸಿ ಎಂದು ಧಣಿಗೆ ಎರಡು ಸಲ ಹೇಳಿದ್ದನಂತೆ. ಮೂರನೆಯ ದಿನ ಬಂಡೆ ಜಾರಿತು. ಶೀನ ಎಂಬ ಕೆಲಸದವನು ಅದರಡಿಯಲ್ಲಿ ಸಿಕ್ಕಿಬಿದ್ದ, ಹೆಣವೂ ಸಿಗಲಿಲ್ಲ. ಶೀನನನ್ನು ಕೆಳಗಿಳಿಸಿದ್ದೇ ಡೀನ್ ಎಂದು ಧಣಿಯ ಕಡೆಯವರು ಹೇಳಿಕೆ ಕೊಟ್ಟರು. ಅದಾದ ಎರಡೇ ದಿನಕ್ಕೆ ಡೀನ್‌ನ ಸ್ಕೂಟರ್ ಕಾಪುವಿನ ಕಡಲ ಬದಿಯಲ್ಲಿ, ಫೋನು ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಸಿಕ್ಕಿದವು. ತಪ್ಪು ಮಾಡಿದವನು ಸಮುದ್ರಕ್ಕೆ ಹಾರಿದ ಎಂದು ಊರೆಲ್ಲ ನಂಬಿತು.

ನಂಬದವರು ಒಬ್ಬರೇ. ಅವರು ಈಗ ಹೊರಗಿನ ಹಾಲಿನಲ್ಲಿ ವೀಲ್‌ಚೇರಿನಲ್ಲಿ ಕುಳಿತಿದ್ದರು. ಡೀನ್‌ನ ತಾಯಿ, ನಿವೃತ್ತ ಶಿಕ್ಷಕಿ ಜೆರ್ಟ್ರೂಡ್. ಗುಣವತಿಯನ್ನು ಈ ಕೆಲಸಕ್ಕೆ ಹಚ್ಚಿದವರೂ ಅವರೇ.

"ಟೀಚರಿಗೆ ಹೇಳೋಣ್ವಾ?" ಅಕ್ಷಿತಾಳ ಕಣ್ಣು ಅರಳಿತ್ತು. "ಡೀನ್ ಬದುಕಿದ್ದಾನೆ ಅಂತ ಆಯ್ತಲ್ಲ!"

"ತಡಿ ಮಾರಾಯ್ತಿ. ಅವನ ಪಾಸ್‌ವರ್ಡ್ ಗೊತ್ತಿದ್ದ ಯಾರಾದರೂ ಇದನ್ನು ಮಾಡಬಹುದು. ಒಬ್ಬ ತಾಯಿಗೆ ಆಸೆ ಹುಟ್ಟಿಸಿ ಮತ್ತೆ ಕಿತ್ತುಕೊಳ್ಳುವುದಕ್ಕಿಂತ ದೊಡ್ಡ ಪಾಪ ಇಲ್ಲ."

ಬಾಯಿ ಹಾಗೆಂದರೂ ಅವಳಿಗೆ ಸುಮ್ಮನಿರಲಾಗಲಿಲ್ಲ. ಟ್ಯಾಬನ್ನು ತಾನೇ ಇಸಿದುಕೊಂಡು ಕೋಣೆಯನ್ನೆಲ್ಲ ನಿಧಾನವಾಗಿ ನೋಡುತ್ತಾ ಹೋದಳು. ಕಂಬಿ ಒಂದಲ್ಲ, ಎರಡು. ಮಂಚದಿಂದ ಬಾತ್‌ರೂಮಿಗೆ ಹೋಗುವಾಗ ಒಂದು ಗೋಡೆಗೆ. ಅಲ್ಲಿಂದ ಮಂಚಕ್ಕೆ ಮರಳುವಾಗ ಎದುರಿನ ಗೋಡೆಗೆ ಇನ್ನೊಂದು.

"ಇಷ್ಟು ಚಿಕ್ಕ ಕೋಣೆಗೆ ಎರಡು ಯಾಕೆ?"

"ನನಗೂ ಅರ್ಥ ಆಗ್ಲಿಲ್ಲ. ಎತ್ತರವೂ ತಪ್ಪು ಅಕ್ಕ. ಸಾಮಾನ್ಯವಾಗಿ ಮೂರು ಅಡಿಗೆ ಹಾಕುವುದು. ಇದನ್ನು ಇಪ್ಪತ್ತೆಂಟು ಇಂಚಿಗೆ ಇಳಿಸಿದ್ದಾರೆ."

ಗುಣವತಿ ನೇರ ಹಾಲಿಗೆ ಹೋದಳು.

"ಟೀಚರ್, ಒಳಗೆ ಬನ್ನಿ. ಒಂದು ನಿಮಿಷ ನಿಮ್ಮನ್ನು ನಿಲ್ಲಿಸಬೇಕಿತ್ತು."

ಎರಡು ವರ್ಷದ ಹಿಂದೆ ಜೆರ್ಟ್ರೂಡರ ಎಡಗಡೆಗೆ ಪಾರ್ಶ್ವವಾಯು ಬಡಿದಿತ್ತು. ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ನಡೆಯಬಲ್ಲರು. ಗುಣವತಿ ಅವರ ವೀಲ್‌ಚೇರನ್ನು ತಳ್ಳಿಕೊಂಡು ಬಂದು, ಪರದೆಯಲ್ಲಿ ಮಂಚವಿದ್ದ ಜಾಗದಲ್ಲಿ ನಿಲ್ಲಿಸಿದಳು. ಸೊಂಟಕ್ಕೆ ಕೈ ಕೊಟ್ಟು ಎಬ್ಬಿಸಿದಳು.

"ಇಲ್ಲಿಂದ ಬಾತ್‌ರೂಮಿಗೆ ಹೋಗಬೇಕು ಅಂತ ಇಟ್ಟುಕೊಳ್ಳಿ. ಹಿಡಿದುಕೊಳ್ಳಲು ಏನಾದರೂ ಬೇಕಲ್ಲ? ನಿಮ್ಮ ಕೈ ತಾನಾಗಿ ಎಲ್ಲಿಗೆ ಹೋಗ್ತದೆ, ತೋರಿಸಿ."

ಕುಳ್ಳಗಿನ, ಸ್ವಲ್ಪ ಬಾಗಿದ ಆ ಹೆಂಗಸು ಬಲಗೈಯನ್ನು ಗಾಳಿಯಲ್ಲಿ ಚಾಚಿದರು. ಗುಣವತಿ ಸೆರಗಿನಡಿಯಿಂದ ಟೇಪು ತೆಗೆದಳು. ನೆಲದಿಂದ ಅಂಗೈಗೆ ಅಳೆದಳು.

ಇಪ್ಪತ್ತೆಂಟು ಇಂಚು. ಒಂದು ನೂಲು ಆಚೀಚೆ ಇಲ್ಲ.

ಹೋಗುವಾಗ ಬಲಗಡೆಗೆ ಈ ಗೋಡೆ. ಬರುವಾಗ ಬಲಗಡೆಗೆ ಆ ಗೋಡೆ. ಎಡಗೈ ಆಡದವರಿಗೆ ಒಂದೇ ಕಂಬಿ ಇದ್ದರೆ ಹೋಗಲು ಮಾತ್ರ ಆಗುತ್ತದೆ, ಮರಳಿ ಬರಲು ಆಗುವುದಿಲ್ಲ. ಅದು ಗೊತ್ತಿರಬೇಕಾದರೆ ಪಾಸ್‌ವರ್ಡ್ ಸಾಲದು. ಎರಡು ವರ್ಷ ದಿನಕ್ಕೆ ಹತ್ತು ಸಲ ಈ ಕೈಯನ್ನು ಹಿಡಿದು ನಡೆಸಿದವನಾಗಿರಬೇಕು.

ಅಕ್ಷಿತಾ ಟ್ಯಾಬನ್ನು ಜೆರ್ಟ್ರೂಡರ ಮುಖದ ಮುಂದೆ ಹಿಡಿದಳು. ಅವರು ಪರದೆ ನೋಡಿದರು, ಗೋಡೆ ನೋಡಿದರು, ಮತ್ತೆ ಪರದೆ ನೋಡಿದರು. ಚಾಚಿದ ಅವರ ಬೆರಳುಗಳು ಪರದೆಯೊಳಗೆ ಸರಿಯಾಗಿ ಕಂಬಿಯ ಮೇಲೆ ಕೂತಿದ್ದವು.

"ಪುತಾ..." ಎಂದರು ಅವರು, ಮಗನನ್ನು ಕರೆಯುವ ಕೊಂಕಣಿಯಲ್ಲಿ. ಯಾರೂ ಏನೂ ಹೇಳಬೇಕಾಗಲಿಲ್ಲ.

ಗುಣವತಿ ಅವರನ್ನು ಮೆಲ್ಲನೆ ಕೂರಿಸಿದಳು. ಅಕ್ಷಿತಾಳ ಕಡೆ ತಿರುಗಿದಳು. "ಬದುಕಿದ್ದಾನೆ. ಗುರುವಾರದವರೆಗೆ ಅಂತೂ ಬದುಕಿದ್ದ. ಇನ್ನು ಎಲ್ಲಿ ಅಂತ ನೋಡಬೇಕು."

"ಒಂದು ಚಿತ್ರ ಉಂಟು," ಎಂದಳು ಅಕ್ಷಿತಾ. "ಎತ್ತರ ಸರಿಯಾ ಅಂತ ನೋಡಲು ಅವನು ಕಂಬಿಯನ್ನು ತಾನಿದ್ದ ಜಾಗದ ಗೋಡೆಗೇ ಇಟ್ಟು ನೋಡಿದ್ದಾನೆ. ಆ್ಯಪ್ ತನ್ನಷ್ಟಕ್ಕೆ ಅದರ ಫೋಟೋ ತೆಗೆದಿಟ್ಟಿದೆ."

ಚಿತ್ರ ತೆರೆದುಕೊಂಡಿತು. ಸಾರಣೆ ಇಲ್ಲದ ಕೆಂಪು ಮುರಕಲ್ಲಿನ ಗೋಡೆ, ಅದರ ಮೇಲೆ ಇದೇ ಸ್ಟೀಲಿನ ಕಂಬಿ. ಮೇಲೆ ಕಾರ್ಕಳದ ಅಂಗಡಿಯೊಂದು ಹಂಚಿದ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು. ಅದರಲ್ಲಿ ಗುರುವಾರದ ತಾರೀಕು. ನೆಲದ ಮೇಲೆಲ್ಲ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಧೂಳು. ಕಿಟಕಿಯ ದಂಡೆಯ ಮೇಲೆ ಎರಡು ಲೋಟ. ಒಂದರಲ್ಲಿ ಸ್ಟ್ರಾ.

ಗುಣವತಿ ಆ ಧೂಳನ್ನೇ ನೋಡಿದಳು. ಕಾರ್ಕಳದ ಠಾಣೆಯಲ್ಲಿ ಎಂಟು ವರ್ಷ ಇದ್ದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಲ್ಲು ಕೊಯ್ಯುವ ಯಂತ್ರ ಇದ್ದಲ್ಲಿ ಮಾತ್ರ ಬೀಳುವ ಧೂಳು.

ಹೊರಗೆ ಪಿಕ್‌ಅಪ್ ವಾಹನ ನಿಂತ ಸದ್ದಾಯಿತು.

"ಉಜ್ವಲ್ ಬಂದ," ಎಂದಳು ಅಕ್ಷಿತಾ.

"ಬರಲಿ. ಕಲ್ಲಿನ ಸ್ಯಾಂಪಲ್ ಮಾತ್ರ ಕೇಳು. ಬೇರೆ ಒಂದು ಮಾತೂ ಬೇಡ."

ಉಜ್ವಲ್ ಡೀನ್‌ನ ಬಾಲ್ಯದ ಗೆಳೆಯ. ಕಾರ್ಕಳದಲ್ಲಿ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಘಟಕ ಇಟ್ಟುಕೊಂಡವನು. ಈ ಮನೆಯ ಕಲ್ಲಿನ ಕೆಲಸವೆಲ್ಲ ಅವನದೇ. ಕಾಪುವಿನಲ್ಲಿ ಸ್ಕೂಟರನ್ನೂ ಫೋನನ್ನೂ ಮೊದಲು ಕಂಡವನೂ ಅವನೇ. ಅಂದಿನಿಂದ ಗೆಳೆಯನ ತಾಯಿಗೆ ದಿನವೂ ಮನೆಯಿಂದ ಊಟ ತಂದುಕೊಡುತ್ತಿದ್ದ.

ಇಂದೂ ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್, ಇನ್ನೊಂದರಲ್ಲಿ ಎರಡು ತುಂಡು ಕಲ್ಲು ಹಿಡಿದು ಬಂದ. "ಆಂಟಿ, ನೀವೂ ಬಂದಿದ್ದೀರಾ? ಒಳ್ಳೆಯದಾಯ್ತು," ಎಂದು ನಕ್ಕ. ನಗು ಕಣ್ಣಿನವರೆಗೆ ಏರಲಿಲ್ಲ.

"ಬಾತ್‌ರೂಮಿಗೆ ಯಾವುದು ಆದೀತು?" ಅಕ್ಷಿತಾ ಕೇಳಿದಳು.

"ಕಪ್ಪು ಬೇಡ. ಈ ಬೂದು ಬಣ್ಣದ್ದು ಹಾಕುವ. ಬಾಗಿಲ ಹತ್ತಿರ ಮಾತ್ರ ಪಾಲಿಶ್ ಮಾಡದೆ ಒರಟಾಗಿ ಬಿಡ್ತೇನೆ. ಮೂರೂವರೆ ಅಡಿಯ ಇಳಿಜಾರು ಅಲ್ವಾ, ಆಂಟಿಯ ವೀಲ್‌ಚೇರ್ ಜಾರಬಾರದು."

ಅಕ್ಷಿತಾ ಗುಣವತಿಯ ಮುಖ ನೋಡಿದಳು.

"ಯಾವ ಇಳಿಜಾರು, ಉಜ್ವಲ್?" ಗುಣವತಿ ಮೆತ್ತಗೆ ಕೇಳಿದಳು.

ಅವನು ಬಾತ್‌ರೂಮಿನ ಬಾಗಿಲ ಕಡೆ ನೋಡಿದ. ಅಲ್ಲಿ ನಾಲ್ಕು ಇಂಚು ಎತ್ತರದ ಸಿಮೆಂಟಿನ ಹೊಸ್ತಿಲು ಎದ್ದು ನಿಂತಿತ್ತು. ಇಳಿಜಾರು ಎಲ್ಲಿಯೂ ಇರಲಿಲ್ಲ.

"ಅದು... ಇಂಥ ಮನೆಗಳಲ್ಲಿ ಹಾಕ್ತಾರಲ್ಲ ಮೇಡಂ. ಅಂದಾಜಿಗೆ ಹೇಳಿದ್ದು."

"ಮೂರೂವರೆ ಅಡಿ ಅನ್ನುವುದೂ ಅಂದಾಜಾ?" ಗುಣವತಿ ಟ್ಯಾಬನ್ನು ಅವನ ಮುಂದೆ ಹಿಡಿದಳು. ಪರದೆಯಲ್ಲಿ ಹೊಸ್ತಿಲು ಮಾಯವಾಗಿ ಅಲ್ಲಿ ನುಣ್ಣಗಿನ ಇಳಿಜಾರು ಕಾಣುತ್ತಿತ್ತು. ಪಕ್ಕದಲ್ಲೇ ಅದರ ಅಳತೆ. ಮೂರೂವರೆ ಅಡಿ. "ಇದು ಈ ಪ್ಲ್ಯಾನಿಗೆ ಬಂದದ್ದೇ ಕಳೆದ ಗುರುವಾರ. ಅಕ್ಷಿತಾ ನೋಡಿದ್ದು ಇವತ್ತು ಬೆಳಿಗ್ಗೆ. ಇಟ್ಟವನು ಡೀನ್. ಹಾಗಾದರೆ ನಿಮಗೆ ಹೇಳಿದ್ದು ಯಾರು?"

ಉಜ್ವಲ್‌ನ ಕೈಯಿಂದ ಕಲ್ಲಿನ ತುಂಡು ಜಾರಿ ನೆಲಕ್ಕೆ ಬಿತ್ತು.

"ನಾನು ಕಾಪುವಿನವಳು," ಗುಣವತಿ ದನಿ ಏರಿಸದೆ ಮುಂದುವರಿಸಿದಳು. "ಆ ಬಂಡೆಯ ಮೇಲೆ ಆಡಿ ಬೆಳೆದವಳು. ನೀರು ಏರಿದಾಗ ಅದು ಪೂರಾ ಮುಳುಗುತ್ತದೆ. ಡೀನ್ ಹಿಂದಿನ ದಿನ ಸಂಜೆ ಸಮುದ್ರಕ್ಕೆ ಹೋದ ಅಂತ ನೀವು ಹೇಳಿಕೆ ಕೊಟ್ಟಿರಿ. ಆಮೇಲೆ ಒಂದು ಸಲ ನೀರು ಏರಿ ಇಳಿದಿದೆ. ಆದರೂ ಬೆಳಿಗ್ಗೆ ಏಳಕ್ಕೆ ನಿಮಗೆ ಸಿಕ್ಕಿದ ಫೋನು ಒಣಗಿತ್ತು, ಅದರಲ್ಲಿ ಬೆಲ್ ಕೂಡ ಆಗುತ್ತಿತ್ತು. ಅದನ್ನು ಅಲ್ಲಿ ಇಟ್ಟವರೂ ನೀವೇ. ಹೌದಾ, ಅಲ್ವಾ?"

ಅವನು ಜೆರ್ಟ್ರೂಡರ ವೀಲ್‌ಚೇರಿನ ಪಕ್ಕ ನೆಲದ ಮೇಲೆ ಕುಳಿತ.

"ಹೌದು." ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. "ಅವನೇ ಹೇಳಿದ್ದು ಮೇಡಂ. ಧಣಿಯ ಜನ ಅವನ ಹಿಂದೆ ಬಿದ್ದಿದ್ದರು. ಸತ್ತ ಅಂತ ಆದರೆ ಹುಡುಕುವುದು ನಿಲ್ಲಿಸ್ತಾರೆ, ಅಷ್ಟರಲ್ಲಿ ಕೋರೆಯ ಸಾಕ್ಷಿ ಒಟ್ಟು ಮಾಡ್ತೇನೆ ಅಂದ. ನನ್ನ ಹಳೆಯ ಶೆಡ್ಡಿನಲ್ಲಿ ಇಟ್ಟುಕೊಂಡೆ. ಆಂಟಿಗೆ ಹೇಳುವ ಅಂತ ನಾನು ಎಷ್ಟೋ ಸಲ ಹೇಳಿದೆ. ಅಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖ ನೋಡಿದರೆ ಗೊತ್ತಾಗ್ತದೆ ಅಂದ."

ಗುಣವತಿ ಜೆರ್ಟ್ರೂಡರ ಕಡೆ ನೋಡಿದಳು. ಬೈಗುಳ ಬರಬಹುದು, ಅಳು ಬರಬಹುದು ಎಂದು ಕಾದಳು.

"ಊಟ ಮಾಡ್ತಾನಾ ಅವನು?" ಜೆರ್ಟ್ರೂಡ್ ಕೇಳಿದರು.

ಉಜ್ವಲ್ ತಲೆಯೆತ್ತಿದ. ಕಣ್ಣು ತುಂಬಿತ್ತು. "ಮಾಡ್ತಾನೆ ಆಂಟಿ. ನಿಮಗೆ ತಂದದ್ದನ್ನೇ ಅವನಿಗೂ ಕೊಡುವುದು. ಅಮ್ಮ ಇವತ್ತು ಎಷ್ಟು ತಿಂದರು ಅಂತ ಮೊದಲು ಕೇಳ್ತಾನೆ, ಆಮೇಲೆ ಕ್ಯಾರಿಯರ್ ತೆರೆಯುವುದು."

"ಹತ್ತೊಂಬತ್ತು ದಿವಸ, ಉಜ್ವಲ್. ಹತ್ತೊಂಬತ್ತು ದಿವಸ ನನ್ನ ಎದುರು ಕೂತು ಬಡಿಸಿದೆ ನೀನು." ಅವರ ದನಿ ಒಡೆಯಿತು. ಆದರೂ ಬಲಗೈ ಮುಂದೆ ಬಂದು ಅವನ ತಲೆಯ ಮೇಲೆ ಕೂತಿತು. "ಕಿವಿ ಹಿಂಡಬೇಕು ನಿಮ್ಮಿಬ್ಬರದ್ದೂ. ಮೊದಲು ಅವನನ್ನು ಕರೆದುಕೊಂಡು ಬಾ."

ಅವನು ಅಲುಗಲಿಲ್ಲ.

"ಏನಾಯಿತು?" ಗುಣವತಿ ಕೇಳಿದಳು.

"ಭಾನುವಾರ ಸಂಜೆ ಅಲ್ಲೇ ಇದ್ದ. ನಿಮ್ಮ ಹೆಸರು ಅವನಿಗೆ ಹೇಳಿದ್ದೆ. ಗುಣವತಿ ಮೇಡಂ ಅಂತ ಒಬ್ಬರು ಅಮ್ಮನ ಪರವಾಗಿ ಹುಡುಕ್ತಾ ಇದ್ದಾರೆ ಅಂತ. ಅವರ ಹತ್ತಿರ ಆದರೆ ಎಲ್ಲ ಹೇಳಬಹುದು ಅಂತ ಖುಷಿಪಟ್ಟ. ನಿನ್ನೆ ಮಧ್ಯಾಹ್ನ ಊಟ ತೆಗೆದುಕೊಂಡು ಹೋದರೆ ಶೆಡ್ ಖಾಲಿ. ಬಟ್ಟೆ ಉಂಟು, ಚಪ್ಪಲಿ ಇಲ್ಲ. ಟ್ಯಾಬ್ ಇಲ್ಲ. ನಿನ್ನೆಯಿಂದ ನನಗೆ ನಿದ್ದೆ ಇಲ್ಲ ಮೇಡಂ."

ಗುಣವತಿ ಚಿತ್ರವನ್ನು ಅವನ ಮುಂದೆ ಹಿಡಿದಳು. "ಇದೇ ಶೆಡ್ಡಾ?"

"ಇದೇ."

"ಎರಡು ಲೋಟ ಉಂಟಲ್ಲ?"

ಉಜ್ವಲ್ ಹತ್ತಿರ ಬಾಗಿ ನೋಡಿದ. ಹುಬ್ಬು ಗಂಟಾಯಿತು. "ನಾನು ಕೊಟ್ಟದ್ದು ಒಂದೇ. ಆದರೆ... ಅವನು ನನ್ನನ್ನು ಬಾಗಿಲಿನಿಂದ ಒಳಗೆ ಬಿಡುತ್ತಲೇ ಇರಲಿಲ್ಲ. ಇಬ್ಬರ ಊಟ ತಾ, ಹಸಿವು ಜಾಸ್ತಿ ಅಂತಿದ್ದ."

ಅವನ ಮುಖದಲ್ಲಿದ್ದದ್ದು ನಟನೆಯಲ್ಲ ಎಂದು ಗುಣವತಿಗೆ ಅನ್ನಿಸಿತು. ಸುಳ್ಳು ಹೇಳಿ ಹೇಳಿ ಸಾಕಾಗಿ ನಿಜ ಹೇಳುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಹಾಗಾದರೆ ಆ ಶೆಡ್ಡಿನಲ್ಲಿ ಡೀನ್‌ನ ಜೊತೆಗೆ ಇನ್ನೊಬ್ಬರು ಇದ್ದರು. ಗೆಳೆಯನಿಗೂ ತೋರಿಸಲಾಗದ ಯಾರೋ ಒಬ್ಬರು.

"ಅಕ್ಕ!"

ಅಕ್ಷಿತಾ ಟ್ಯಾಬನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಪರದೆಯಲ್ಲಿ, ಕೋಣೆಯ ನಟ್ಟನಡುವೆ, ಒಂದು ಮರದ ಕುರ್ಚಿ ಮೂಡಿತ್ತು. ಅರ್ಧ ನೆಲದೊಳಗೆ ಹುಗಿದುಹೋದಂತೆ ಓರೆಯಾಗಿತ್ತು. ಅವರು ನೋಡುತ್ತಿರುವಂತೆಯೇ ಅದು ಒಮ್ಮೆ ಎಡಕ್ಕೆ ಜಾರಿತು, ಒಮ್ಮೆ ಗಾಳಿಗೆ ಏರಿತು. ಆ್ಯಪ್ ಬಳಸಿ ಅಭ್ಯಾಸವಿಲ್ಲದ ಕೈ ಯಾವುದೋ ಅದನ್ನು ತಡಕಾಡುತ್ತಾ ನೂಕುತ್ತಿತ್ತು.

"ಈಗ ಇಡ್ತಾ ಇದ್ದಾರೆ. ಈ ಕ್ಷಣದಲ್ಲಿ!" ಅಕ್ಷಿತಾ ಪಿಸುಗುಟ್ಟಿದಳು. "ಡೀನ್‌ನ ಹೆಸರಲ್ಲೇ."

"ಎಲ್ಲಿಂದ?"

"ಒಂದೇ ಮನೆಯೊಳಗೆ ಇಬ್ಬರು ಆ್ಯಪ್ ತೆರೆದರೆ ಇನ್ನೊಬ್ಬರು ಎಲ್ಲಿದ್ದಾರೆ ಅಂತ ನೀಲಿ ಚುಕ್ಕೆ ತೋರಿಸ್ತದೆ." ಅವಳು ಟ್ಯಾಬನ್ನು ಮೆಲ್ಲನೆ ಮೇಲಕ್ಕೆತ್ತಿದಳು. ಗೋಡೆ ದಾಟಿ, ತಾರಸಿಯ ಕಡೆಗೆ. ಅಲ್ಲಿ ಸಿಮೆಂಟಿನಾಚೆ, ಅವರ ತಲೆಯ ನೇರಕ್ಕೆ, ಒಂದು ನೀಲಿ ಚುಕ್ಕೆ ಮಿಣುಕುತ್ತಿತ್ತು. "ಮೇಲೆ. ನಮ್ಮ ಮೇಲೆಯೇ ಇದ್ದಾರೆ."

ಜೆರ್ಟ್ರೂಡ್ ತಲೆಯೆತ್ತಿ ಸೂರನ್ನು ನೋಡಿದರು.

ಗುಣವತಿ ಕಣ್ಸನ್ನೆಯಲ್ಲೇ ಉಜ್ವಲ್‌ಗೆ ಅಲ್ಲೇ ಇರಲು ಹೇಳಿ, ಹಿಂಬಾಗಿಲಿನಿಂದ ಹೊರಬಿದ್ದಳು. ಹೊರಗಿನ ಮೆಟ್ಟಿಲುಗಳಿಗೆ ಇನ್ನೂ ಹಿಡಿದುಕೊಳ್ಳಲು ಆಸರೆ ಇರಲಿಲ್ಲ. ಸೀರೆ ಎತ್ತಿ ಸಿಕ್ಕಿಸಿ ಒಂದೊಂದೇ ಮೆಟ್ಟಿಲು ಹತ್ತಿದಳು. ಅರವತ್ತೆರಡರ ಮಂಡಿ ನೋಯುತ್ತಿತ್ತು. ಆದರೆ ಈ ದಿನ ಅದರ ಮಾತು ಕೇಳುವವರಿರಲಿಲ್ಲ. ಹತ್ತೂವರೆಯ ಬಿಸಿಲಿಗೆ ತಾರಸಿ ಬೆಳಗುತ್ತಿತ್ತು.

ನೀರಿನ ಟ್ಯಾಂಕಿನ ನೆರಳಿನಲ್ಲಿ ಒಬ್ಬ ಗಂಡಸು ಕುಳಿತಿದ್ದ. ಮಡಿಲಲ್ಲಿ ಟ್ಯಾಬ್. ಎಡಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ಜೋತಾಡುತ್ತಿತ್ತು. ಗಲ್ಲದ ಸುತ್ತ ಬ್ಯಾಂಡೇಜು. ಸದ್ದು ಕೇಳಿ ಅವನು ತಿರುಗಿದ.

ಅದು ಡೀನ್ ಆಗಿರಲಿಲ್ಲ.

ಆದರೆ ಆ ಮುಖವನ್ನು ಗುಣವತಿ ಬಲ್ಲಳು. ಕಳೆದ ವಾರವಷ್ಟೇ ಕಾರ್ಕಳದ ಒಂದು ಚಿಕ್ಕ ಮನೆಯಲ್ಲಿ ಆ ಮುಖದ ಫೋಟೋವನ್ನು ಕೈಯಲ್ಲಿ ಹಿಡಿದು ನೋಡಿದ್ದಳು. ಹೆಣ ಕಣ್ಣಿಗೆ ಬೀಳುವವರೆಗೆ ಕರಿಮಣಿ ತೆಗೆಯುವುದಿಲ್ಲ ಎಂದು ಅವನ ಹೆಂಡತಿ ಹಟ ಹಿಡಿದು ಕುಳಿತಿದ್ದಳು. ಆ ಹೆಂಗಸಿನ ಹಟವೇ ಸರಿ ಎಂದು ಈಗ ಗೊತ್ತಾಯಿತು.

"ಶೀನ!" ಗುಣವತಿಯ ಬಾಯಿಂದ ತಾನಾಗಿ ಹೊರಟಿತು. ಬಂಡೆಯಡಿಯಲ್ಲಿ ಸತ್ತನೆಂದು ಎಲ್ಲರೂ ಬರೆದುಬಿಟ್ಟಿದ್ದ ಮನುಷ್ಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡುತ್ತಿದ್ದ. ಇವನೊಬ್ಬ ಬಾಯಿ ಬಿಟ್ಟರೆ ಸಾಕು, ಡೀನ್‌ನ ಮೇಲಿನ ಅಪವಾದ ಒಂದೇ ದಿನದಲ್ಲಿ ಕಳಚಿ ಬೀಳುತ್ತದೆ. ಅವಳಿಗೆ ಅಳುವಷ್ಟು ಸಂತೋಷವಾಯಿತು.

"ಡೀನ್ ಸರ್ ಹೇಳಿದ್ದು," ಅವನು ತೊದಲಿದ. ದವಡೆ ಸರಿಯಾಗಿ ಆಡುತ್ತಿರಲಿಲ್ಲ. "ನನಗೆ ಎಂತಾದರೂ ಆದರೆ, ಹೇಳಿದ ಹೊತ್ತಿಗೆ ನಾನು ವಾಪಸ್ ಬಾರದಿದ್ದರೆ ಈ ಮನೆಗೆ ಹೋಗು, ಇದರಲ್ಲಿ ಒಂದು ಕುರ್ಚಿ ಇಡು, ಅಕ್ಷಿತಾ ಮೇಡಂ ಬರ್ತಾರೆ ಅಂತ. ಅಕ್ಷಿತಾ ಮೇಡಂ ನೀವಾ?"

"ಅಕ್ಷಿತಾ ಕೆಳಗೆ ಇದ್ದಾಳೆ. ಹೆದರಬೇಡ ಮಾರಾಯ, ಇನ್ನು ಯಾರೂ ನಿನ್ನನ್ನು ಮುಟ್ಟುವುದಿಲ್ಲ." ಅವಳು ಎರಡು ಹೆಜ್ಜೆ ಹತ್ತಿರ ಹೋಗಿ ಕೈ ಚಾಚಿದಳು. "ನಾನು ಗುಣವತಿ. ಡೀನ್‌ನ ತಾಯಿ ನೇಮಿಸಿದ ಗುಣವತಿ."

ಶೀನ ಟ್ಯಾಬನ್ನು ಎದೆಗೆ ಅವುಚಿಕೊಂಡು, ಕಾಲಿನಿಂದ ನೆಲ ತಳ್ಳುತ್ತಾ ಟ್ಯಾಂಕಿನ ಗೋಡೆಗೆ ಒತ್ತಿಕೊಂಡ.

"ಸುಳ್ಳು," ಎಂದ. "ಗುಣವತಿ ಮೇಡಂ ನಿನ್ನೆ ಬೆಳಿಗ್ಗೆಯೇ ಶೆಡ್ಡಿಗೆ ಬಂದಿದ್ದರು. ಡೀನ್ ಸರ್ ನಗ್ತಾ ಅವರ ಕಾರು ಹತ್ತಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಹೇಳಿ, ನೀವು ಯಾರು?"